ಹಿಮ ಬೀಳದ ನಾಡಿನ ಹಿಮಕ್ರೀಡಾಪಟುಗಳು

ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯವರಿಗೆ ಮಂಜು ಎಂದರೆ ನಂದಿಬೆಟ್ಟದ ನೆತ್ತಿಯನ್ನು ಬೆಳಗಿನ ಹೊತ್ತು ಕವಿಯುವ ಮುಸುಕು. ಮಂಜುಗಡ್ಡೆ ಎಂದರೆ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಶಾಲೆಯ ಗೇಟಿಗೆ ಬರುತ್ತಿದ್ದ ಐಸ್‌ಕ್ಯಾಂಡಿ. ಅದರಾಚೆಯ ಹಿಮವನ್ನು ನೀವು ಭೂಗೋಳದ ಪುಸ್ತಕದಲ್ಲಿ ಓದಿದಿರಿ, ನಾನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ತೋರಿಸಿದೆ. ಇಂಥ ಬೆಚ್ಚಗಿನ ನಾಡಿನಲ್ಲಿ ಹುಟ್ಟಿದವರೊಬ್ಬರು ಹಿಮಕ್ರೀಡೆಯನ್ನೇ ಬದುಕಾಗಿ ಆರಿಸಿಕೊಂಡರೆ ಅವರ ದಾರಿ ಹೇಗಿರುತ್ತದೆ? ಈ ಸಲ ಆ ಚರಿತ್ರೆಯನ್ನು ಸ್ವಲ್ಪ ಹೇಳಬೇಕೆನಿಸಿದೆ.

ಮೊದಲು ಕರ್ಲಿಂಗ್ ಎಂಬ ಆಟವನ್ನು ನೋಡೋಣ. ಸ್ಕಾಟ್ಲೆಂಡಿನಲ್ಲಿ ಬೆಳೆದ ಈ ಆಟದಲ್ಲಿ ಸುಮಾರು 20 ಕಿಲೋ ತೂಕದ ಗ್ರಾನೈಟ್ ಕಲ್ಲನ್ನು ಮಂಜುಗಡ್ಡೆಯ ಮೇಲೆ ಜಾರಿಸಿ, ದೂರದ ವೃತ್ತದ ನಡುವಿಗೆ ಹತ್ತಿರವಾಗಿ ನಿಲ್ಲಿಸಬೇಕು. ಕಲ್ಲು ಜಾರುವಾಗ ಜೊತೆಗಾರರು ಅದರ ಮುಂದೆ ಕುಂಚದಿಂದ ಗುಡಿಸುತ್ತಾ ಓಡುತ್ತಾರೆ. ಆ ಉಜ್ಜುವಿಕೆಯ ಬಿಸಿಗೆ ಘರ್ಷಣೆ ತಗ್ಗಿ ಕಲ್ಲು ಇನ್ನಷ್ಟು ದೂರ ಸಾಗುತ್ತದೆ. ಒಳ್ಳೆಯ ಕಲ್ಲುಗಳು ಸ್ಕಾಟ್ಲೆಂಡಿನ ಏಲ್ಸ ಕ್ರೇಗ್ ಎಂಬ ಪುಟ್ಟ ದ್ವೀಪದಿಂದ ಬರುತ್ತವೆ. ಗ್ರಾನೈಟ್ ಕಲ್ಲಿಗೆ ನಮ್ಮ ಜಿಲ್ಲೆಯಲ್ಲೇನೂ ಬರವಿಲ್ಲ; ಬರವಿರುವುದು ಮಂಜಿಗೆ. ಆದರೂ 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ, ತೆಂಗು ಬಾಳೆಗಳ ನಾಡಾದ ಫಿಲಿಪ್ಪೀನ್ಸ್‌ನ ಪುರುಷರ ತಂಡ ದಕ್ಷಿಣ ಕೊರಿಯಾವನ್ನು 5–3ರಿಂದ ಸೋಲಿಸಿ ಕರ್ಲಿಂಗ್‌ನ ಚಿನ್ನ ಗೆದ್ದಿತು. ಆ ತಂಡದ ಮಾರ್ಕ್ ಮತ್ತು ಎನ್ರಿಕೊ ಫಿಸ್ಟರ್ ಸಹೋದರರು ಆಟ ಕಲಿತದ್ದು ಸ್ವಿಟ್ಜರ್ಲೆಂಡಿನಲ್ಲಿ. ರಕ್ತ ಬೆಚ್ಚಗಿನ ನಾಡಿನದು, ಅಭ್ಯಾಸದ ಅಂಗಳ ಹಿಮದ ನಾಡಿನದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮವರ ಕಡೆಗೆ ತಿರುಗೋಣ.

ಕರ್ಲಿಂಗ್ ಒಲಿಂಪಿಕ್ಸ್‌ನ ಕಾಯಂ ಪದಕದ ಕ್ರೀಡೆಯಾದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಅದೇ ಕೂಟದಲ್ಲಿ ಮನಾಲಿಯ ಶಿವ ಕೇಶವನ್ ಎಂಬ 16 ವರ್ಷದ ಹುಡುಗ ಭಾರತದ ಪರವಾಗಿ ಲೂಜ್ ಸ್ಪರ್ಧೆಗೆ ಇಳಿದ. ತಂದೆ ಕೇರಳದವರು, ತಾಯಿ ಇಟಲಿಯವರು. ಲೂಜ್ ಎಂದರೆ ಮಂಜಿನ ಕಾಲುವೆಯಲ್ಲಿ ಪುಟ್ಟ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಕೆಳಗಿಳಿಯುವ ಆಟ. ದೇಶದಲ್ಲಿ ಅಂಥ ಕಾಲುವೆಯೇ ಇಲ್ಲದ್ದರಿಂದ ಆತ ಬಂಡಿಗೆ ಚಕ್ರ ಕಟ್ಟಿಸಿಕೊಂಡು ಹಿಮಾಲಯದ ಹೆದ್ದಾರಿಗಳಲ್ಲಿ, ಲಾರಿಗಳ ನಡುವೆ ಅಭ್ಯಾಸ ಮಾಡಿದರು. 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್ ಆಡಿದರು. ಪದಕ ಬರಲಿಲ್ಲ, 2006ರ 25ನೆಯ ಸ್ಥಾನವೇ ಅಲ್ಲಿನ ಅತ್ಯುತ್ತಮ ಸಾಧನೆ. ಆದರೆ 2011ರಲ್ಲಿ ಅದೇ ನಾಗಾನೊದಲ್ಲಿ ಏಷ್ಯಾ ಚಾಂಪಿಯನ್ ಆದರು.

ಇನ್ನು ನಮ್ಮ ಕರ್ನಾಟಕದ ಹೆಣ್ಣುಮಗಳ ವಿಚಾರ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಎನ್.ಸಿ.ಸಿ. ಮತ್ತು ಪರ್ವತಾರೋಹಣದ ಹಾದಿಯಿಂದ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಬಂದವರು. ಇದು ಇಳಿಜಾರಿನಲ್ಲಿ ಸುಮ್ಮನೆ ಜಾರುವ ಆಟವಲ್ಲ. ಏರು, ಇಳಿ, ಬಯಲು ಎಲ್ಲವನ್ನೂ ತೋಳು ತೊಡೆಗಳ ಬಲದಿಂದಲೇ ದಾಟಬೇಕಾದ ದೀರ್ಘ ಓಟ, ಉಸಿರಿನ ಪರೀಕ್ಷೆ. ಕಾಫಿ, ಏಲಕ್ಕಿ ಬೆಳೆಯುವ ಮಳೆನಾಡಿನ ಈ ಮಗಳು ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಓಟವನ್ನು 21 ನಿಮಿಷ 4.9 ಸೆಕೆಂಡಿನಲ್ಲಿ ಮುಗಿಸಿ ಕಂಚಿನ ಪದಕ ಪಡೆದರು.

ಮೇಷ್ಟ್ರಾದವನು ಅಂಕಗಳನ್ನು ಮುಚ್ಚಿಡಬಾರದು. 2023ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಜೆಸ್ಸಿ ಡಿಗಿನ್ಸ್ 10 ಕಿ.ಮೀ. ದೂರವನ್ನು 23 ನಿಮಿಷ 40 ಸೆಕೆಂಡುಗಳಲ್ಲಿ ಕ್ರಮಿಸಿ ಚಿನ್ನ ಗೆದ್ದರು. ದಾರಿ ಬೇರೆ, ಹಿಮ ಬೇರೆ ಎಂದಿಟ್ಟುಕೊಂಡರೂ ಅಂತರ ದೊಡ್ಡದೇ. ಆದರೆ ಆ ಅಂತರವನ್ನು ಒಬ್ಬ ಹುಡುಗಿಯ ಕಾಲಬಲದ ಲೆಕ್ಕಕ್ಕೆ ಮಾತ್ರ ಬರೆಯುವುದು ನ್ಯಾಯವಲ್ಲ. ಡಿಗಿನ್ಸ್ ಬೆಳೆದ ಮಿನ್ನೆಸೋಟಾದಲ್ಲಿ ಪ್ರತಿ ಚಳಿಗಾಲವೂ ಹಿಮ ಮನೆಯ ಬಾಗಿಲಿಗೇ ಬರುತ್ತದೆ. ಕೊಡಗಿನ ಹುಡುಗಿ ಅದನ್ನು ಹುಡುಕಿಕೊಂಡು ಕಾಶ್ಮೀರಕ್ಕೆ ಹೋಗಬೇಕು.

ಕಟ್ಟಿದ್ದನ್ನು ಉಳಿಸಿಕೊಳ್ಳುವುದೂ ನಮಗೆ ಕಷ್ಟವಾಗಿದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಹಿಮಾದ್ರಿ ಎಂಬ ಒಳಾಂಗಣ ಮಂಜಿನ ಅಂಗಳವನ್ನು ಕಟ್ಟಿದರು. ಕೂಟ ಮುಗಿಯಿತು, ಅಂಗಳ ಬಹುಕಾಲ ಬಾಗಿಲು ಮುಚ್ಚಿಕೊಂಡೇ ಇದ್ದು 2025ರಲ್ಲಿ ಮತ್ತೆ ತೆರೆಯಿತು. ನಡುವಿನ ಆ ವರ್ಷಗಳಲ್ಲಿ ಹತ್ತು ವರ್ಷದ ಮಗುವೊಂದು ಆಡುವ ಪ್ರಾಯವನ್ನೇ ದಾಟಿಬಿಟ್ಟಿರುತ್ತದೆ. ಕೆರೆಗೆ ಹೂಳು ತುಂಬಿದರೆ ಎತ್ತಬಹುದು. ಕಳೆದ ಪ್ರಾಯವನ್ನು ಯಾರು ಎತ್ತಿಕೊಡುತ್ತಾರೆ?

ಈಗ ನಿಮ್ಮಲ್ಲಿ ಅನೇಕರು ತಂದೆತಾಯಿಯರು, ಕೆಲವರು ಅಧಿಕಾರಿಗಳು, ಒಬ್ಬಿಬ್ಬರು ನನ್ನಂತೆಯೇ ಮೇಷ್ಟ್ರು. ನಿಮ್ಮ ಮನೆಯ ಮಗು ಊರಿನಲ್ಲಿ ಯಾರೂ ಆಡದ ಆಟವೊಂದನ್ನು ಆಡುತ್ತೇನೆಂದರೆ, ‘ಇದರಿಂದ ಪದಕ ಬರುತ್ತದೆಯೇ, ಕೆಲಸ ಸಿಗುತ್ತದೆಯೇ’ ಎಂಬ ಪ್ರಶ್ನೆ ಬಾಯಿಗೆ ಬರುವುದು ಸಹಜ. ಅದನ್ನು ಕೇಳಬೇಡಿ ಎನ್ನಲಾರೆ. ಮಧ್ಯಮ ವರ್ಗದ ಮನೆಯ ಲೆಕ್ಕ ನನಗೂ ಗೊತ್ತು. ಆದರೆ ಅದಕ್ಕಿಂತ ಮೊದಲು, ಆ ಮಗು ಅಭ್ಯಾಸ ಮಾಡುವುದೆಲ್ಲಿ, ಅದಕ್ಕೆ ದಾರಿ ತೋರುವವರು ಯಾರು ಎಂದು ವಿಚಾರಿಸಿ. ಶಿವ ಕೇಶವನ್ ಬಂಡಿಗೆ ಚಕ್ರ ಕಟ್ಟಿಕೊಂಡದ್ದು ಕೇಳಲು ರೋಚಕವಾದ ಕಥೆ. ಮುಂದಿನ ಮಗುವಿಗೂ ಅದೇ ಕಥೆಯಾದರೆ ಅದು ನಮ್ಮೆಲ್ಲರ ಸೋಲು.