ಜಪಾನಿನ ಮರದಚ್ಚಿನ ಚಿತ್ರಗಳು: ಪಾಶ್ಚಾತ್ಯ ಪ್ರಭಾವ ಮತ್ತು ಪರಂಪರೆ

ಜಪಾನಿನ ಮರದಚ್ಚಿನ ಚಿತ್ರಕಲೆಗೆ ಪಶ್ಚಿಮದ ಗಾಳಿ ತಗುಲಿದ್ದು 1853ರಲ್ಲಿ ಅಮೆರಿಕದ ಹಡಗುಗಳು ಬಂದ ಮೇಲೆ ಎಂಬ ಮಾತು ಬಳಕೆಯಲ್ಲಿದೆ. ಅದು ಸರಿಯಲ್ಲ. 1720ರಲ್ಲಿ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್ ಯೊಶಿಮುನೆ ವಿದೇಶಿ ಗ್ರಂಥಗಳ ಮೇಲಿನ ನಿರ್ಬಂಧ ಸಡಿಲಿಸಿದ. 1740ರ ಸುಮಾರಿಗೆ ಒಕುಮುರಾ ಮಸನೊಬು ನಾಟಕಶಾಲೆಯ ತೊಲೆಗಳೆಲ್ಲ ಒಂದೇ ಬಿಂದುವಿನತ್ತ ಓಡುವಂತೆ ಚಿತ್ರಿಸತೊಡಗಿದ್ದ. ಈ ಪರ್ಸ್‌ಪೆಕ್ಟಿವ್ ಚೀನಾದ ಅಚ್ಚುಚಿತ್ರಗಳ ಮೂಲಕವೂ ಬಂದದ್ದು, ಅದನ್ನು ಪಾಶ್ಚಾತ್ಯ ಪ್ರಭಾವ ಎನ್ನುವುದು ಹೇಗೆ ಎಂಬ ಆಕ್ಷೇಪವಿದೆ. ಮೂಲ ಯುರೋಪಿನದೇ. ಆದರೆ ಅದು ಒಂದು ಕಸುಬಿನ ಉಪಾಯವಾಗಿ ಕೈಯಿಂದ ಕೈಗೆ ದಾಟಿ ಬಂತು, ಹಾಗಾಗಿಯೇ ಸುಲಭವಾಗಿ ಪಳಗಿತು.

ಪಳಗಿಸಿದ್ದು ಕಾರ್ಯಾಗಾರ. ಪ್ರಕಾಶಕ ಹಣ ಹೂಡುತ್ತಿದ್ದ, ಕಲಾವಿದ ಬರೆಯುತ್ತಿದ್ದ, ಒಬ್ಬ ಚೆರ್ರಿ ಮರದ ಹಲಗೆ ಕೆತ್ತುತ್ತಿದ್ದ, ಇನ್ನೊಬ್ಬ ಅಚ್ಚೊತ್ತುತ್ತಿದ್ದ. ಬರ್ಲಿನ್‌ನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ 1830ರ ಹೊತ್ತಿಗೆ ಅಗ್ಗವಾಗಿ ಸಿಗತೊಡಗಿದಾಗ ಕಲಾವಿದ ಹೊಕುಸಾಯಿಯ ಫ್ಯೂಜಿ ಪರ್ವತದ ಸರಣಿಯ ಮೊದಲ ಚಿತ್ರಗಳಲ್ಲಿ ಹೊರರೇಖೆಯೂ ನೀಲಿಯಾಯಿತು. ಇನ್ನೊಬ್ಬ ಕಲಾವಿದ ಹಿರೊಶಿಗೆ ಚಿತ್ರಿಸಿದ ಆಕಾಶಗಳಲ್ಲಿ ಅದೇ ನೀಲಿ ಮೇಲಿನಿಂದ ಕೆಳಕ್ಕೆ ತೆಳುವಾಗುತ್ತ ಕರಗುತ್ತದೆ. ಹಲಗೆಯನ್ನು ಒದ್ದೆ ಮಾಡಿ, ಬಣ್ಣ ಹರಡಿ, ಬಾರೆನ್ ಎಂಬ ದುಂಡನೆಯ ಉಜ್ಜುಪಟ್ಟಿಯಿಂದ ಕಾಗದದ ಬೆನ್ನು ತಿಕ್ಕಿ, ಪ್ರತಿ ಹಾಳೆಗೂ ಹೊಸದಾಗಿ ಸಾಧಿಸಬೇಕಾದ ಛಾಯೆ ಇದು. ಬಣ್ಣ ಪರದೇಶದ್ದು, ಆ ತೇವದ ಅಳತೆ ಎಡೊ (ಇಂದಿನ ಟೋಕಿಯೊ) ನಗರದ ಕೈಗಳದ್ದು. ಈ ಚಿತ್ರಗಳನ್ನು ಶುದ್ಧ ಜಪಾನಿ ಎಂದಾಗಲಿ ಕಲಬೆರಕೆ ಎಂದಾಗಲಿ ಕರೆಯುವವರು ಕೆಲಸದ ಕ್ರಮವನ್ನು ಗಮನಿಸುವುದಿಲ್ಲ.

ಪಶ್ಚಿಮದಿಂದ ಬಂದದ್ದರಲ್ಲಿ ನಿಜವಾಗಿ ಬುಡ ಅಲುಗಾಡಿಸಿದ್ದು ನೀಲಿಯಲ್ಲ, ಕಲಾಕೃತಿ ಒಬ್ಬನದೇ ಆಗಿರಬೇಕೆಂಬ ನಂಬಿಕೆ. 1904ರಲ್ಲಿ ಯಮಮೊಟೊ ಕನಾಯೆ ಒಬ್ಬ ಮೀನುಗಾರನ ಚಿತ್ರವನ್ನು ತಾನೇ ಬರೆದು, ಕೆತ್ತಿ, ಅಚ್ಚೊತ್ತಿದ. ಸೃಜನಶೀಲ ಮುದ್ರಣ ಚಳವಳಿ ಅಲ್ಲಿಂದ ಬೆಳೆಯಿತು. ಇದಕ್ಕೆ ಎದುರಾಗಿ ಪ್ರಕಾಶಕ ವತನಬೆ ಶೊಜಬುರೊ ಹಳೆಯ ಶ್ರಮವಿಭಜನೆಯನ್ನು ಉಳಿಸಿಕೊಂಡು ಕವಾಸೆ ಹಸುಯಿಯಂಥವರ ಚಿತ್ರಗಳನ್ನು ಹೊರತಂದ. ವಿದೇಶಿ ಗ್ರಾಹಕರ ರುಚಿಗೆ ಪರಂಪರೆಯನ್ನು ಮಾರಿದ ಎಂಬ ಟೀಕೆ ಅವನ ಮೇಲಿದೆ. ಮಾರಾಟ ನಿಜ, ಆದರೆ ಎಡೊದಲ್ಲೂ ಇವು ಅಂಗಡಿಯ ಸರಕೇ ಆಗಿದ್ದವು, ಮತ್ತು ಕೆತ್ತುವವರಿಗೆ, ಅಚ್ಚೊತ್ತುವವರಿಗೆ ಕೆಲಸ ಉಳಿದದ್ದು ಈ ಮಾರಾಟದಿಂದ. ಎಣ್ಣೆವರ್ಣ, ಜಲವರ್ಣಗಳಲ್ಲಿ ಪಳಗಿದ ಯೊಶಿದಾ ಹಿರೊಶಿ 1926ರಲ್ಲಿ ಹಾಯಿದೋಣಿಗಳ ಒಂದೇ ದೃಶ್ಯವನ್ನು ಅವೇ ಹಲಗೆಗಳಿಂದ ಬೆಳಗು, ಮಂಜು, ಸಂಜೆ, ರಾತ್ರಿಯಾಗಿ ಮುದ್ರಿಸಿದ. ಬದಲಾದದ್ದು ಬಣ್ಣ ಮಾತ್ರ.