ಮೇಲಿನ ಹೊಂಡ ತುಂಬಿ ಕೆಳಗಿನ ಹೊಂಡಕ್ಕೆ

ಕಾವಲಿನ ಗಂಡ ಉಣ್ಣಲು ಕೂತಾಗ ಓಬವ್ವ ಮನೆಯಿಂದ ಹೊರಬಿದ್ದದ್ದು ಕುಡಿಯುವ ನೀರು ತರಲಿಕ್ಕೆ. ಆಗ ಕೋಟೆಯ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಅವಳು ಒನಕೆಯಿಂದ ಹೊಡೆದ ಕಥೆ ಚಿತ್ರದುರ್ಗದಲ್ಲಿ ಗೊತ್ತಿಲ್ಲದವರಿಲ್ಲ. ಆ ಕಿಂಡಿಯ ಹತ್ತಿರವೇ ಇರುವ ತಣ್ಣೀರು ದೋಣಿಯ ಎದುರು ನಿಲ್ಲುವವರು ಮಾತ್ರ ಕಡಿಮೆ. ಏಳು ಸುತ್ತಿನ ಕೋಟೆಯನ್ನು ಕಾದದ್ದು ಕಲ್ಲುಗೋಡೆ ಎಷ್ಟೋ ನೀರೂ ಅಷ್ಟೇ ಎಂದು ನಾನು ನಂಬಿದ್ದೇನೆ.

ಬೋಳು ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಓಡುತ್ತದೆ. ದುರ್ಗದವರು ಆ ಓಟವನ್ನೇ ಹಿಡಿದರು. ಮೇಲೆ ಗೋಪಾಲಸ್ವಾಮಿ ಹೊಂಡ; ಅದು ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ; ಅಲ್ಲಿಂದ ಸಿಹಿನೀರು ಹೊಂಡಕ್ಕೆ; ಕೊನೆಗೆ ಕೋಟೆಯ ಬುಡದಲ್ಲಿ, ಉಚ್ಚಂಗಿಯಲ್ಲಮ್ಮನ ಗುಡಿಯ ಮುಂದಿನ ಸಂತೆಹೊಂಡಕ್ಕೆ. ಒಂದೊಂದು ಹೊಂಡದಲ್ಲೂ ನೀರು ತಂಗುವುದರಿಂದ ಹೊತ್ತು ತಂದ ಮಣ್ಣು, ಎಲೆ, ಕಡ್ಡಿ ಅಲ್ಲಲ್ಲೇ ತಳ ಸೇರಿ ಮುಂದಕ್ಕೆ ತಿಳಿನೀರು ಹರಿಯುತ್ತಿತ್ತು. ಏತ ಬೇಕಿಲ್ಲ, ಯಂತ್ರ ಬೇಕಿಲ್ಲ. ಇಳಿಜಾರನ್ನು ಬಲ್ಲವರು ಬೇಕಿತ್ತು, ಇದ್ದರು.

ಈ ತಿಳಿವಳಿಕೆ ಕೋಟೆಯನ್ನು ಆಳಿದ ಪಾಳೆಯಗಾರರಿಗಿಂತ ಎಷ್ಟೋ ಹಳೆಯದು. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. 4ನೇ ಶತಮಾನದ್ದು. ಸಾಮ್ರಾಜ್ಯ ಕಟ್ಟಿದ ಆ ದೊರೆ ಅಲ್ಲಿ ಬರೆಸಿದ್ದು ತಾನು ಮಾಡಿಸಿದ ಕೆರೆಯ ಸುದ್ದಿ. ಗುಡ್ಡಗಳ ನಡುವಿನ ಆ ತಗ್ಗಿನಲ್ಲಿ ಇಂದಿಗೂ ಕೆರೆ ಇದೆ.

ಇದೇ ಜಿಲ್ಲೆಯ ಹಿರಿಯೂರಿನ ಕಡೆ ಲೆಕ್ಕವೇ ಬೇರೆ, ಅಲ್ಲಿರುವುದು ದೊಡ್ಡ ಅಣೆಕಟ್ಟು. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ 30 ಟಿಎಂಸಿ ಹಿಡಿಯುತ್ತದೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಆ ಕೋಡಿ ನೋಡಲು ಜಾತ್ರೆಯಂತೆ ಜನ ಸೇರಿದರು. ಬರದ ಸೀಮೆಯವರ ಆ ಸಂಭ್ರಮ ಸಹಜವಾದದ್ದೇ. ಅದೇ ಹೊತ್ತಿಗೆ ಹಿನ್ನೀರಿನ ಹೊಸದುರ್ಗ ತಾಲ್ಲೂಕಿನ ರೈತರ ಜಮೀನಿಗೆ ನೀರು ನುಗ್ಗಿತ್ತು ಎಂಬುದನ್ನೂ ಮರೆಯಬಾರದು.

ಆದರೆ ನನ್ನ ಚಿಂತೆ ಇರುವುದು ದುರ್ಗದ ಸಂತೆಹೊಂಡದ ಬಗ್ಗೆ. ಚೌಕಾಕಾರದ ಕಲ್ಲುಕಟ್ಟಡ, ನಾಲ್ಕೂ ಕಡೆ ಸಾಲು ಮೆಟ್ಟಿಲು. ಇಂಥ ಹೊಂಡದ ನೀರು ಹಸಿರುಗಟ್ಟಿ, ಅಂಚಿಗೆ ಪ್ಲಾಸ್ಟಿಕ್ ಚೀಲ, ಪೂಜೆಯ ಹಾರ ತೇಲುವುದನ್ನು ಊರವರು ಎಷ್ಟೋ ಬೇಸಿಗೆಗಳಲ್ಲಿ ಕಂಡಿದ್ದಾರೆ. ಆಗೆಲ್ಲ ಹೂಳೆತ್ತುವ ಮಾತು, ಬೇಲಿಯ ಮಾತು, ಬಣ್ಣದ ಮಾತು ಬರುತ್ತದೆ. ಆದರೆ ಹೊಂಡ ಕೆಡುವುದು ಹೊಂಡದೊಳಗಲ್ಲ. ಮೇಲಿಂದ ನೀರು ಬರುವ ಕಾಲುವೆ ಮುಚ್ಚಿತೆಂದರೆ, ಮಳೆನೀರಿನ ಜಾಗಕ್ಕೆ ಬಚ್ಚಲುನೀರು ಸೇರಿತೆಂದರೆ, ಎಷ್ಟು ಸಲ ತೊಳೆದರೂ ಅಷ್ಟೆ.

ಆದ್ದರಿಂದ ನಗರಸಭೆಯಲ್ಲೂ ಪುರಾತತ್ವ ಇಲಾಖೆಯಲ್ಲೂ ನನ್ನ ಕೋರಿಕೆ ಒಂದೇ: ಮುಂಗಾರಿಗೆ ಮುಂಚೆ ಗೋಪಾಲಸ್ವಾಮಿ ಹೊಂಡದಿಂದ ಸಂತೆಹೊಂಡದವರೆಗೆ ನೀರಿನ ಜಾಡು ಹಿಡಿದು ಒಟ್ಟಿಗೆ ನಡೆಯಿರಿ, ಎಲ್ಲಿ ಕಟ್ಟಿದೆಯೋ ಅಲ್ಲಿ ಬಿಡಿಸಿ. ಊರವರೂ ಜೊತೆಗೆ ಬರೋಣ, ಗುದ್ದಲಿ ಹಿಡಿದೇ ಬರೋಣ.