ರಾಗಿ ಸೀಮೆಯ ಮಲಬದ್ಧತೆ: ನೆಲಮಂಗಲದ ಸುತ್ತಿನ ಒಂದು ಚರಿತ್ರೆ

ಮುದ್ದೆ, ಸೊಪ್ಪಿನ ಸಾರು, ಅವರೆ, ಹುರುಳಿಗಳ ಊಟವಿದ್ದ ನೆಲಮಂಗಲ ಸೀಮೆಯಲ್ಲಿ ಹಿಂದೆ ಮಲಬದ್ಧತೆಯೇ ಇರಲಿಲ್ಲವೆಂದು ಹೇಳುವುದು ವಾಡಿಕೆಯಾದರೂ, ಅಲ್ಲಿನ ಮನೆಮದ್ದಿನಲ್ಲಿ ಹರಳೆಣ್ಣೆಗೂ ಅಳಲೆಕಾಯಿಗೂ ಇದ್ದ ಸ್ಥಾನವನ್ನು ಗಮನಿಸಿದರೆ ಆ ಮಾತು ಪೂರ್ತಿಯಾಗಿ ನಿಲ್ಲುವುದಿಲ್ಲ. ನೀರನ್ನು ಹಿಡಿದಿಟ್ಟು ಮಲವನ್ನು ಮೆದುವಾಗಿಸುವ ನಾರು 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಆದ್ದರಿಂದ ಕೊರತೆ ತಟ್ಟೆಯಲ್ಲಿರಲಿಲ್ಲ.

ಹರಳು ಈ ಸೀಮೆಯಲ್ಲಿ ರಾಗಿಯ ಜೊತೆಯಲ್ಲೇ ಬೆಳೆದದ್ದು. ರಾಗಿ ಹೊಲದ ನಡುವೆ ಅವರೆ, ತೊಗರಿ, ಹರಳುಗಳನ್ನು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿಯಿಂದ ಬಂದ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಹೆಂಗಸರು ಮನೆಯಲ್ಲೇ ತೆಗೆಯುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕ ಹರಳು, ದೊಡ್ಡ ಹರಳು ಎಂಬ ಎರಡು ಬಗೆಗಳನ್ನು ದಾಖಲಿಸಿದ್ದಾನೆ. ದೀಪಕ್ಕೂ ನೆತ್ತಿಗೂ ಬಳಕೆಯಾದ ಇದೇ ಎಣ್ಣೆಯನ್ನು ಮಕ್ಕಳಿಗೆ ಆಗಾಗ ಮೂಗು ಹಿಡಿದು ಕುಡಿಸುವುದೂ ಇತ್ತು. ಕರುಳಿನಲ್ಲಿ ಇದರಿಂದ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲವು ಕರುಳಿನ ಸ್ನಾಯುಗಳನ್ನು ಕೆರಳಿಸುತ್ತದೆ. ಆದರೆ ಇದು ಅಂದಿನ ಕಟ್ಟನ್ನು ಅಂದಿಗೆ ಬಿಡಿಸುವ ಮದ್ದು. ಬರಿದಾದ ಕರುಳು ಮತ್ತೆ ತುಂಬಲು ಒಂದೆರಡು ದಿನ ಬೇಕಾಗುವುದನ್ನೇ ಹೊಸ ಕಟ್ಟೆಂದು ತಿಳಿದು ಮತ್ತೆ ಕುಡಿಯುವವರು ಎಣ್ಣೆಗೆ ಅಂಟಿಕೊಳ್ಳುತ್ತಾರೆ.

ಮೂಲ ಕಾರಣವನ್ನು ಹೊಟ್ಟೆಗಿಂತ ಊರಿನ ವ್ಯವಸ್ಥೆಯಲ್ಲಿ ಹುಡುಕುವುದು ಹೆಚ್ಚು ಸರಿ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ದೇಹದ ಸಹಜ ಒತ್ತಡಗಳನ್ನು ತಡೆಯುವುದನ್ನು, ಅಂದರೆ ವೇಗಧಾರಣವನ್ನು, ರೋಗಕಾರಣವೆಂದು ವಿವರಿಸುತ್ತದೆ. ಶೌಚಾಲಯವಿಲ್ಲದ ಹಳ್ಳಿಗಳಲ್ಲಿ ಬಯಲಿಗೆ ಹೋಗಲು ಕತ್ತಲಾಗುವವರೆಗೆ ಕಾಯಬೇಕಾದ ಹೆಂಗಸರಿಗೆ ಅದು ದಿನಚರಿಯೇ ಆಗಿತ್ತು. ತಡೆದಷ್ಟೂ ದೊಡ್ಡ ಕರುಳು ಮಲದಿಂದ ನೀರನ್ನು ಹೀರಿಕೊಂಡು ಅದನ್ನು ಗಟ್ಟಿಯಾಗಿಸುತ್ತದೆ, ಕ್ರಮೇಣ ಒತ್ತಡದ ಅರಿವೂ ಮಂಕಾಗುತ್ತದೆ. ಶೌಚಾಲಯದ ಚರಿತ್ರೆಯನ್ನು ಬರೆದವರು ಅತಿಸಾರ, ಕಾಲರಾಗಳನ್ನು ಎಣಿಸಿದಷ್ಟು ಇದನ್ನು ಎಣಿಸಿಲ್ಲ.

ಮುಂದಿನ ಚಿಕಿತ್ಸೆಯಾದ ಪ್ರಕೃತಿ ಚಿಕಿತ್ಸೆ ಜರ್ಮನಿಯಿಂದ ಬಂತು. ಲೂಯಿ ಕೂನೆಯ ತೊಟ್ಟಿ ಸ್ನಾನ, ಅಡಾಲ್ಫ್ ಜುಸ್ಟ್‌ನ ಮಣ್ಣಿನ ಪಟ್ಟಿಗಳು ಇಲ್ಲಿ ಹರಡಲು, ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಮಲಬದ್ಧತೆಗೇ ಹೊಟ್ಟೆಯ ಮೇಲೆ ಹಸಿಮಣ್ಣು ಕಟ್ಟಿಕೊಂಡ ಗಾಂಧೀಜಿಯವರ ಬರಹ ನೆರವಾಯಿತು. ಬೆಂಗಳೂರಿನಿಂದ ನೆಲಮಂಗಲಕ್ಕೆ ಸಾಗುವ ತುಮಕೂರು ರಸ್ತೆಯಲ್ಲಿ 1979ರಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾಲಯವೂ, 2022ರಲ್ಲಿ ನೆಲಮಂಗಲದ ಬಳಿ ಧರ್ಮಸ್ಥಳದವರ ಕ್ಷೇಮವನ ಎಂಬ ಅಂಥದೇ ಚಿಕಿತ್ಸಾಲಯವೂ ಆರಂಭವಾದವು. ಇವುಗಳ ನಡುವಿನ ದಶಕಗಳಲ್ಲೇ ಇಲ್ಲಿನ ಹೊಲಗಳು ಕಾರ್ಖಾನೆ, ಗೋದಾಮು, ಬಡಾವಣೆಗಳಾದವು. ಪ್ರಕೃತಿ ಚಿಕಿತ್ಸೆಯಲ್ಲಿ ಎನಿಮಾಕ್ಕೆ, ಅಂದರೆ ಗುದದ್ವಾರದಿಂದ ನೀರು ಹಾಯಿಸಿ ಕರುಳನ್ನು ತೊಳೆಯುವ ಕ್ರಮಕ್ಕೆ, ದೊಡ್ಡ ಹೆಸರಿದ್ದರೂ, ಉಳಿಯುವ ಗುಣಕ್ಕೆ ಅಲ್ಲಿನ ಸೊಪ್ಪು, ಹಣ್ಣು, ನಡಿಗೆ, ನಿಗದಿತ ವೇಳೆಗಳೇ ಹೆಚ್ಚು ಕಾರಣವಿರಬೇಕು.

ಇಂದಿನ ವೈದ್ಯರು ವಾರಕ್ಕೆ ಮೂರು ಬಾರಿಗಿಂತ ಕಡಿಮೆ ವಿಸರ್ಜನೆ, ತಿಣುಕು, ಗಟ್ಟಿ ಮಲ ಮುಂತಾದವು ತಿಂಗಳುಗಟ್ಟಲೆ ಉಳಿದರೆ ಅದನ್ನು ದೀರ್ಘಕಾಲದ ಮಲಬದ್ಧತೆಯೆನ್ನುತ್ತಾರೆ. ರಕ್ತಸ್ರಾವ, ಕಾರಣವಿಲ್ಲದ ತೂಕ ಇಳಿಕೆ, ಥೈರಾಯ್ಡ್ ದೋಷ, ಕಬ್ಬಿಣದ ಮಾತ್ರೆಗಳ ಬಳಕೆಯನ್ನು ವಿಚಾರಿಸಿದ ಮೇಲೆ ಇಸಬ್‌ಗೋಲಿನಂಥ ನಾರನ್ನೋ, ಕರುಳಿನಲ್ಲಿ ನೀರನ್ನು ಉಳಿಸುವ ಪಾಲಿಎಥಿಲೀನ್ ಗ್ಲೈಕಾಲನ್ನೋ ಕೊಡುತ್ತಾರೆ. ಕೆಲವರಲ್ಲಿ ಮಾತ್ರ ಮಲ ಮೆದುವಾಗಿದ್ದರೂ, ಸಡಿಲವಾಗಬೇಕಾದ ಗುದದ ಸ್ನಾಯುಗಳು ತಿಣುಕಿದಾಗ ಬಿಗಿಯುತ್ತವೆ. ಅಂಥವರಿಗೆ ಆ ಸ್ನಾಯುಗಳನ್ನು ಸಡಿಲಬಿಡುವುದನ್ನು ಬಯೋಫೀಡ್‌ಬ್ಯಾಕ್ ಎಂಬ ತರಬೇತಿಯಿಂದ ಹೊಸದಾಗಿ ಕಲಿಸಬೇಕಾಗುತ್ತದೆ.